ಬೆಳ್ಳಿ ಲೇಪವಿದ್ದರೂ ಕೈ ತೊಳೆಯಿರಿ

ಅಪ್ಪಯ್ಯನನ್ನು ಕ್ಯಾಥೆಟರ್ (ಮೂತ್ರಕೋಶದಿಂದ ಮೂತ್ರ ಹೊರತರುವ ನಳಿಕೆ) ಹಾಕಿ ಶಿರಸಿಯ ಮನೆಗೆ ಕಳಿಸಿದಾಗ, ಬೆಳ್ಳಿ ಲೇಪದ್ದು, ಸೋಂಕು ತಗಲದು ಎಂದು ನಾನು ನಿರಾಳವಾಗಿದ್ದೆ. ಹತ್ತೇ ದಿನಕ್ಕೆ ಚಳಿಜ್ವರ ಬಂತು. ಬ್ಯಾಕ್ಟೀರಿಯಾ ನಳಿಕೆಗೆ ಅಂಟಿ ಪೊರೆ ಕಟ್ಟುವುದನ್ನು ಬೆಳ್ಳಿ ತಡಮಾಡಬಹುದು, ಅಷ್ಟೇ; ದಿನ ಕಳೆದಂತೆ ಆ ಶಕ್ತಿಯೂ ಕುಂದುತ್ತದೆ.

ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಮೂತ್ರ ತುಂಬುವ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ; ನಾನು ಮಂಚದ ಪಟ್ಟಿಗೆ ಕೊಕ್ಕೆ ಹಾಕಿದ್ದೆ. ಜಗಲಿಗೆ ಕರೆದೊಯ್ಯುವಾಗ ಚೀಲವನ್ನು ಎತ್ತಿ ಹಿಡಿಯಬೇಡಿ, ಮೂತ್ರ ಹಿಂದಕ್ಕೆ ಹರಿಯುತ್ತದೆ. ನಾನು ಮಾಡಿದ ತಪ್ಪೇ ಅದು. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ನಳಿಕೆಯ ಜೋಡಣೆ ಬಿಚ್ಚಬೇಡಿ. ಜ್ವರ, ನಡುಕ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಪ್ರತಿ ಭೇಟಿಯಲ್ಲೂ ಕೇಳಿ: "ಇದನ್ನು ಈಗ ತೆಗೆಯಬಹುದೇ?"