ಪಕ್ಕದಲ್ಲೇ ಚೈನ್ ರೆಸ್ಟೋರೆಂಟ್ ಬಂತಾ? ಊರಿನ ಹೋಟೆಲ್ ಉಳಿಸಿಕೊಳ್ಳಲು ಹೀಗೆ ಮಾಡಿ

ದಾವಣಗೆರೆಯಲ್ಲಿ ಒಂದು ಹಳೇ ಹೋಟೆಲ್ ಮುಚ್ಚಿತು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. ಈಗಿನ ಹುಡುಗರಿಗೆ ಪಿಜ್ಜಾ, ಬರ್ಗರ್ ಬೇಕು, ದೋಸೆ ಯಾರಿಗೆ ಬೇಕು? ನಾನಿದನ್ನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಯಾವುದಾದರೂ ಒಳ್ಳೆ ಬೆಣ್ಣೆ ದೋಸೆ ಹೋಟೆಲ್ ಮುಂದೆ ನಿಂತು ನೋಡಿ. ಅದೇ ಹುಡುಗರು ಜಾಗ ಖಾಲಿ ಆಗಲಿ ಅಂತ ಕಾಯುತ್ತಿರುತ್ತಾರೆ. ಗಿರಾಕಿ ತುಂಬಿದ ಹೋಟೆಲೂ ಮುಚ್ಚುತ್ತದೆ. ಮಳಿಗೆ ಕೈತಪ್ಪುತ್ತದೆ, ದೋಸೆ ಹಾಕುವವರು ಬಿಟ್ಟು ಹೋಗುತ್ತಾರೆ, ಇಲ್ಲವೇ ತೆರಿಗೆ ಲೆಕ್ಕ ಕುತ್ತಿಗೆಗೆ ಬರುತ್ತದೆ. ಹಾಗಾಗಿ ರುಚಿಯ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಹೋಟೆಲ್ ನಡೆಸುವವರು, ಅವರ ಮಕ್ಕಳು, ಅಲ್ಲಿ ದಿನಾ ತಿನ್ನುವ ನಾವು ಏನೇನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲು ಬಾಡಿಗೆ ಕರಾರು ತೆಗೆದು ಓದಿ

ಚೈನ್‌ನವರು (ಒಂದೇ ಹೆಸರಿನಲ್ಲಿ ಹಲವು ಊರುಗಳಲ್ಲಿ ರೆಸ್ಟೋರೆಂಟ್ ನಡೆಸುವ ಕಂಪನಿಯವರು) ಒಂದು ಊರಿಗೆ ಬಂದಾಗ ಮೊದಲು ಹುಡುಕುವುದು ಜಾಗ. ರಸ್ತೆಗೆ ಮುಖ ಮಾಡಿರುವ ಮೂಲೆ ಮಳಿಗೆ, ಮುಂದೆ ಗಾಡಿ ನಿಲ್ಲಿಸಲು ಜಾಗ, ಹತ್ತಿರ ಕಾಲೇಜು. ಪಿ.ಬಿ. ರಸ್ತೆ, ಹದಡಿ ರಸ್ತೆ, ಪಿ.ಜೆ. ಬಡಾವಣೆ, ವಿದ್ಯಾನಗರ ಅಂತ ಸುತ್ತಿದರೆ ಅವರಿಗೆ ಬೇಕಾದ ಜಾಗ ಯಾವುದು ಅಂತ ನಿಮಗೂ ಗೊತ್ತಾಗುತ್ತದೆ. ಅಂಥ ಜಾಗದಲ್ಲಿ ಈಗಾಗಲೇ ಒಬ್ಬರು ಇಡ್ಲಿ, ವಡೆ ಮಾಡುತ್ತಾ ಕೂತಿರುತ್ತಾರೆ. ಚೈನ್‌ನವರು ವರ್ಷಗಟ್ಟಲೆ ಕರಾರು, ದೊಡ್ಡ ಅಡ್ವಾನ್ಸ್, ಬಾಡಿಗೆ ಎಷ್ಟು ಏರಬೇಕು ಅನ್ನುವುದನ್ನು ಮೊದಲೇ ಬರೆದು ಕೊಡುತ್ತಾರೆ. ಕಟ್ಟಡದ ಹಿರಿಯರು ಇರುವ ತನಕ ಪರವಾಗಿಲ್ಲ. ಅವರ ನಂತರ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಈ ಹೋಟೆಲ್ ಅಂದರೆ ಬರೀ ಒಂದು ಬಾಡಿಗೆ ಮೊತ್ತ.

ನಿಮ್ಮ ಹತ್ತಿರ ಇರುವುದು ಏನು? ಹೆಚ್ಚಿನವರ ಹತ್ತಿರ ಯಾವಾಗಲೋ ಛಾಪಾ ಕಾಗದದಲ್ಲಿ ಬರೆಸಿದ 11 ತಿಂಗಳ ಕರಾರು ಇರುತ್ತದೆ, ಆಮೇಲೆ ಬರೀ ಬಾಯಿ ಮಾತು. 11 ತಿಂಗಳು ಯಾಕೆ ಅಂದರೆ, ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ಉಳಿಸಲು ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ಆದರೆ ಕರಾರು ಮುಗಿದು ಸುಮ್ನೆ ತಿಂಗಳ ಬಾಡಿಗೆ ಕೊಡುತ್ತಾ ಹೋದರೆ ಕಾನೂನಿನ ಪ್ರಕಾರ ನೀವು ತಿಂಗಳ ಬಾಡಿಗೆದಾರರು, 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅಂತಲೂ ಧೈರ್ಯವಾಗಿ ಕೂರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್‌ಗಿಂತ ದೊಡ್ಡ ವ್ಯಾಪಾರದ ಮಳಿಗೆಗೆ ಅನ್ವಯಿಸುವುದಿಲ್ಲ. 14 ಚದರ ಮೀಟರ್ ಅಂದರೆ ಒಂದು ಸಾಧಾರಣ ಕೋಣೆ ಅಷ್ಟೇ, ಹಂಚು ಮತ್ತು ನಾಲ್ಕು ಟೇಬಲ್ ಹಾಕಿದರೆ ಮುಗಿಯಿತು.

ಆದ್ದರಿಂದ ಐದು ವರ್ಷಕ್ಕೋ ಒಂಬತ್ತು ವರ್ಷಕ್ಕೋ ನೋಂದಾಯಿತ ಕರಾರು ಮಾಡಿಸಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಲ್ಲ ಸೇರಿ ಖರ್ಚು ಬರುತ್ತದೆ, ನಿಜ. ಒಲೆ, ಚಿಮಣಿ, ನೀರಿನ ಪೈಪು ಎಲ್ಲ ಕಿತ್ತುಕೊಂಡು ಬೇರೆ ಕಡೆ ಹೋಗುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಕರಾರಿನಲ್ಲಿ ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ ಅಂತ ಬರೆಸಿ. ಖಾಲಿ ಮಾಡಿಸಬೇಕಾದರೆ ಕನಿಷ್ಠ ಆರು ತಿಂಗಳ ನೋಟಿಸ್ ಅಂತ ಬರೆಸಿ. ಕಟ್ಟಡ ಮಾರುವುದಾದರೆ ಮೊದಲು ನಿಮ್ಮನ್ನು ಕೇಳಬೇಕು ಅಂತಲೂ ಸೇರಿಸಿ. ಹಳೇ ಪೇಟೆಯ ಕಟ್ಟಡವಾದರೆ ಆಸ್ತಿ ಅಣ್ಣ-ತಮ್ಮಂದಿರ ಜಂಟಿ ಹೆಸರಿನಲ್ಲಿ ಇದೆಯಾ ನೋಡಿ, ಇದ್ದರೆ ಎಲ್ಲರ ಸಹಿ ಬೇಕು. ಒಬ್ಬರು ಸಹಿ ಹಾಕಿ ಇನ್ನೊಬ್ಬರು ನನಗೆ ಗೊತ್ತೇ ಇಲ್ಲ ಅಂದರೆ ಕೋರ್ಟು ಅಲೆಯುವುದು ನೀವು. ಇದನ್ನೆಲ್ಲ ಮಾಲೀಕರ ಹತ್ತಿರ ಮಾತಾಡಬೇಕಾದ ಸಮಯ ಈಗ. ಅವರ ಮುಂದೆ ಬೇರೆ ಆಫರ್ ಬಂದು ಕೂತ ಮೇಲೆ ಮಾತಾಡಿ ಉಪಯೋಗ ಇಲ್ಲ.

ಜಾಗದ ಬಗ್ಗೆ ಇಷ್ಟು ಹೇಳಲು ಕಾರಣ ಇದೆ. ಊರಲ್ಲಿ ಹೇಳುವ ಕತೆ ಪ್ರಕಾರ, 1928ರಲ್ಲಿ ಬೆಳಗಾವಿ ಕಡೆಯ ಬಿದಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ದೋಸೆ ಶುರು ಮಾಡಿದ್ದು ನಾಟಕದ ಥಿಯೇಟರ್ ಹತ್ತಿರ, ಜನ ಸೇರುವ ಕಡೆ. ಆಗ ಅದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಎಲ್ಲ ಮಕ್ಕಳ ಕಾಲಕ್ಕೆ ಬಂತು. ರುಚಿ ಆಮೇಲೆ ಬದಲಾಯಿತು, ಜಾಗ ಮಾತ್ರ ಮೊದಲ ದಿನದಿಂದ ಸರಿಯಾಗಿತ್ತು.

ಕ್ಯೂಆರ್ ಕೋಡ್ ಕಿತ್ತು ಹಾಕಬೇಡಿ

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಎಷ್ಟೋ ಅಂಗಡಿಯವರು ಬರೀ ಕ್ಯಾಶ್ ಅಂತ ಬೋರ್ಡ್ ಹಾಕಿದರು. ಭಯ ಅರ್ಥವಾಗುತ್ತದೆ. ಆದರೆ ಕಾಲೇಜು ಹುಡುಗರ ಜೇಬಿನಲ್ಲಿ ಕ್ಯಾಶ್ ಇರುವುದಿಲ್ಲ, ಅವರು ಸೀದಾ ಎದುರಿನ ಚೈನ್‌ಗೆ ಹೋಗುತ್ತಾರೆ.

ಲೆಕ್ಕ ಹೀಗಿದೆ. ಹೋಟೆಲ್ ಅಂದರೆ ಸೇವೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ ಆದರೆ ವರ್ಷಕ್ಕೆ 20 ಲಕ್ಷ ಆಗಿಬಿಡುತ್ತದೆ. ಸ್ವಲ್ಪ ನಡೆಯುವ ದೋಸೆ ಹೋಟೆಲ್ ಇದನ್ನು ದಾಟಿರುತ್ತದೆ, ಗಲ್ಲಾದಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ವಹಿವಾಟು ಒಂದೂವರೆ ಕೋಟಿ ತನಕ ಇದ್ದರೆ ಸಣ್ಣ ವ್ಯಾಪಾರಿಗಳಿಗೆ ಸರಳ ಲೆಕ್ಕದ ಕಾಂಪೊಸಿಷನ್ ಸ್ಕೀಮ್ ಇದೆ, ಶೇ. 5 ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ಆದರೆ ಅದನ್ನು ಗಿರಾಕಿಯ ಬಿಲ್‌ನಲ್ಲಿ ಸೇರಿಸುವ ಹಾಗಿಲ್ಲ. ಸಾಮಾನ್ಯ ನೋಂದಣಿಯಲ್ಲೂ ಶೇ. 5, ಬಿಲ್‌ನಲ್ಲಿ ತೋರಿಸಿ ತೆಗೆದುಕೊಳ್ಳಬಹುದು, ಆದರೆ ಕಾಗದದ ಕೆಲಸ ಜಾಸ್ತಿ. ಒಬ್ಬ ಆಡಿಟರ್ ಹತ್ತಿರ ಹೋಗಿ ಯಾವುದು ಸರಿ ಅಂತ ಕೇಳಿ. ಹೋಟೆಲ್‌ಗೆ ಬೇರೆ ಬ್ಯಾಂಕ್ ಖಾತೆ ಮಾಡಿ, ಮನೆ ದುಡ್ಡು, ಚೀಟಿ ದುಡ್ಡು, ಮಗಳ ಮದುವೆಗೆ ತಂದ ಕೈಗಡ ಎಲ್ಲ ಅದೇ ಕ್ಯೂಆರ್‌ಗೆ ಬಂದರೆ ಇಲಾಖೆಯವರಿಗೆ ಅದೆಲ್ಲ ವ್ಯಾಪಾರದ ಹಾಗೇ ಕಾಣುತ್ತದೆ.

ಹಿಟ್ಟಿನ ಅಳತೆ ಒಬ್ಬರ ಕೈಯಲ್ಲೇ ಇರಬಾರದು

ಚೈನ್‌ನವರ ಶಕ್ತಿ ಇರುವುದು ಇಲ್ಲೇ. ಅವರ ಅಡುಗೆ ಮನೆಯಲ್ಲಿ ಯಾರು ಬಿಟ್ಟು ಹೋದರೂ ಮರುದಿನ ಅದೇ ತಿಂಡಿ ಅದೇ ಅಳತೆಯಲ್ಲಿ ಬರುತ್ತದೆ. ನಮ್ಮಲ್ಲಿ ದೋಸೆ ಹಾಕುವ ಮಾಸ್ಟರ್ ಜಾತ್ರೆಗೆ ಊರಿಗೆ ಹೋದರೆ ಆ ವಾರ ದೋಸೆ ಬೇರೆಯೇ ಆಗಿರುತ್ತದೆ. ಆದ್ದರಿಂದ ಒಂದು ಡಿಜಿಟಲ್ ತಕ್ಕಡಿ ತನ್ನಿ. ಅಕ್ಕಿ ಎಷ್ಟು, ಉದ್ದು ಎಷ್ಟು, ಮಂಡಕ್ಕಿ ಎಷ್ಟು, ಎಷ್ಟು ಹೊತ್ತು ನೆನೆಸಬೇಕು, ಚಳಿಗಾಲದಲ್ಲಿ ಹುಳಿ ಬರಲು ಎಷ್ಟು ತಾಸು ಬೇಕು, ಬೇಸಿಗೆಯಲ್ಲಿ ಎಷ್ಟು, ಎಲ್ಲ ಗ್ರಾಂ ಮತ್ತು ಗಂಟೆಯಲ್ಲಿ ಬರೆದಿಡಿ. ಮಾಸ್ಟರ್‌ಗೆ ಬೇಜಾರಾಗದ ಹಾಗೆ ಮಾಡಿ, ಅವರ ವಿದ್ಯೆ ಕಿತ್ತುಕೊಂಡು ಹೊರಗೆ ಹಾಕುತ್ತಾರೆ ಅನ್ನುವ ಅನುಮಾನ ಅವರಿಗೆ ಬಂದೇ ಬರುತ್ತದೆ. ಸಂಬಳ ಏರಿಸಿ, ಆಮೇಲೆ ಕೇಳಿ. ಎರಡನೇ ಒಬ್ಬರನ್ನು ಹಂಚಿನ ಮುಂದೆ ಪಳಗಿಸಿ, ವಾರಕ್ಕೆ ಒಂದು ದಿನ ಅವರೇ ಹಾಕಲಿ.

ಬೆಣ್ಣೆಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ರೇಟು ಏರಿತು ಅಂತ ಬೆಣ್ಣೆಗೆ ಡಾಲ್ಡಾ ಬೆರೆಸಿದರೆ ದಾವಣಗೆರೆಯ ನಾಲಿಗೆಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಬೆಲೆ ಐದು ರೂಪಾಯಿ ಏರಿಸಿ, ಬೋರ್ಡ್ ಮೇಲೆ ಬರೆದು ಹಾಕಿ. ಜನ ಎರಡು ದಿನ ಗೊಣಗುತ್ತಾರೆ, ಆಮೇಲೆ ಬರುತ್ತಾರೆ.

ಇನ್ನು, ದಯವಿಟ್ಟು ಪಿಜ್ಜಾ ದೋಸೆ ಮಾಡಬೇಡಿ. ಮೆನು ಕಾರ್ಡಿನಲ್ಲಿ ನೂಡಲ್ಸ್, ಮಂಚೂರಿ ಸೇರಿಸಿದಷ್ಟೂ ಸಾಮಾನು ಜಾಸ್ತಿ, ಹಾಳಾಗುವುದು ಜಾಸ್ತಿ, ಮಾಸ್ಟರ್ ಗಮನ ನಾಲ್ಕು ಕಡೆ. ಖಾಲಿ, ಬೆಣ್ಣೆ, ಓಪನ್ ದೋಸೆ, ಜೊತೆಗೆ ಚಟ್ನಿ, ಆಲೂಗಡ್ಡೆ ಪಲ್ಯ. ಸಾಕು.

ಡೆಲಿವರಿ ಆಪ್‌ಗೆ ಏನು ಹಾಕಬೇಕು, ಏನು ಹಾಕಬಾರದು

ಬೆಣ್ಣೆ ದೋಸೆ ಹಂಚಿನಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಹೋಗಬೇಕಾದ ತಿಂಡಿ. ಡಬ್ಬಿಯಲ್ಲಿ ಮುಚ್ಚಿದರೆ ಆವಿಗೆ ಒದ್ದೆಯಾಗಿ ಮೆತ್ತಗಾಗುತ್ತದೆ, ಆಮೇಲೆ ಬಯ್ಯುವುದು ಡೆಲಿವರಿ ಹುಡುಗನನ್ನಲ್ಲ, ನಿಮ್ಮನ್ನು. ಲೆಕ್ಕಕ್ಕೆ ಅಂತ ದೋಸೆ 60 ರೂಪಾಯಿ ಹಿಡಿಯೋಣ. ಆಪ್‌ನವರ ಕಮಿಷನ್ ಶೇ. 25 ಅಂದರೆ 15 ರೂಪಾಯಿ, ಡಬ್ಬಿ ಮತ್ತು ಚಟ್ನಿ ಕವರ್‌ಗೆ 5 ರೂಪಾಯಿ. ಉಳಿದದ್ದು 40, ಅದರಲ್ಲೇ ಬೆಣ್ಣೆ, ಕಟ್ಟಿಗೆ, ಸಂಬಳ, ಬಾಡಿಗೆ. ಬೇಡ. ಆಪ್‌ಗೆ ಇಡ್ಲಿ ಹಾಕಿ, ಪಡ್ಡು ಹಾಕಿ, ಖಾರ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ ಬೇರೆ ಬೇರೆ ಕಟ್ಟಿ ಹಾಕಿ. ಚಟ್ನಿಪುಡಿ ಪ್ಯಾಕೆಟ್ ಅಂತೂ ಎಷ್ಟು ದೂರ ಹೋದರೂ ಕೆಡುವುದಿಲ್ಲ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರು ಆಪ್ ಸೇರುವ ಮೊದಲು ಆಡಿಟರ್‌ಗೆ ಒಂದು ಮಾತು ಹೇಳಿ.

ಗೂಗಲ್ ಮ್ಯಾಪ್‌ನಲ್ಲಿ ಹೋಟೆಲ್ ಹೆಸರು, ಸಮಯ, ವಾರದ ರಜೆ ಸರಿಯಾಗಿ ಹಾಕುವುದಕ್ಕೆ ಮಾತ್ರ ಒಂದು ರೂಪಾಯಿ ಖರ್ಚಿಲ್ಲ. ಹೆದ್ದಾರಿಯಲ್ಲಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವವರು ಹುಡುಕುವುದು ಅಲ್ಲೇ.

ಹೆಸರಿನ ಮಾತು ಬಂದಾಗ ಇನ್ನೊಂದು. ದಾವಣಗೆರೆ ಬೆಣ್ಣೆ ದೋಸೆ ಅಂತ ಬೆಂಗಳೂರಿನಲ್ಲಿ ಬೀದಿಗೊಂದು ಬೋರ್ಡ್ ಇದೆ, ಅದನ್ನು ತಡೆಯಲು ಆಗುವುದಿಲ್ಲ, ಊರಿನ ಹೆಸರು ಮತ್ತು ತಿಂಡಿ ಹೆಸರು ಎಲ್ಲರದ್ದು. ನಿಮ್ಮ ಹೋಟೆಲ್‌ನದೇ ಆದ ಹೆಸರನ್ನು ಮಾತ್ರ ಟ್ರೇಡ್‌ಮಾರ್ಕ್ ಮಾಡಿಸಬಹುದು. ಹೋಟೆಲ್‌ಗೆ 43ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ, ಸಿಕ್ಕಿದರೆ 10 ವರ್ಷ ಇರುತ್ತದೆ.

ಅವರಿಂದ ಕಲಿಯಬೇಕಾದ್ದೂ ಇದೆ

ಚೈನ್‌ಗೆ ಜನ ಹೋಗುವುದು ಬರೀ ಶೋಕಿಗೆ ಅಂತ ತಿಳಿಯಬೇಡಿ. ಅಲ್ಲಿ ಶೌಚಾಲಯ ಇರುತ್ತದೆ, ಕೈ ತೊಳೆಯುವ ಕಡೆ ಸೋಪು ಇರುತ್ತದೆ, ಹೆಣ್ಣುಮಕ್ಕಳು ನಾಲ್ಕು ಜನ ಒಂದು ತಾಸು ಕೂತರೂ ಯಾರೂ ಮುಖ ನೋಡುವುದಿಲ್ಲ. ನಮ್ಮ ಹಳೇ ಹೋಟೆಲ್‌ಗಳಲ್ಲಿ ಈ ಮೂರೂ ಇರುವುದು ಎಷ್ಟು ಕಡೆ? ಎಸಿ ಬೇಡ, ಇಟಾಲಿಯನ್ ಟೈಲ್ಸ್ ಬೇಡ. ಚಿಲಕ ಇರುವ ಒಂದು ಚೊಕ್ಕ ಶೌಚಾಲಯ ಮಾಡಿಸಿ. ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಗೋಡೆ ಮೇಲೆ ಕಾಣುವ ಹಾಗೆ ಹಾಕಿ. ನ್ಯೂಸ್ ಪೇಪರ್‌ನಲ್ಲಿ ಬಜ್ಜಿ ಕಟ್ಟುವುದನ್ನು ನಿಲ್ಲಿಸಿ, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ, 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಅದಕ್ಕೆ ಅವಕಾಶವೂ ಇಲ್ಲ. ಪೇಪರ್ ಮೇಲೆ ಮಂಡಕ್ಕಿ ತಿನ್ನುವ ಖುಷಿ ನನಗೂ ಗೊತ್ತು, ಆದರೂ.

ಮಂಡಕ್ಕಿ ಗಾಡಿಯವರಿಗೆ ದಾರಿ ಸ್ವಲ್ಪ ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅಡಿ ಪಾಲಿಕೆಯಿಂದ ಗುರುತಿನ ಚೀಟಿ, ಪ್ರಮಾಣ ಪತ್ರ ಮಾಡಿಸಿಕೊಳ್ಳಿ, ದೊಡ್ಡ ಅಂಗಡಿ ಬಂತು ಅಂತ ಎತ್ತಿಸಲು ಬಂದರೆ ತೋರಿಸಲು ಒಂದು ಕಾಗದ ಇರುತ್ತದೆ. ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲವೂ ಸಿಗುತ್ತದೆ, ಮೊದಲ ಕಂತು 15,000, ತೀರಿಸಿದರೆ 25,000, ಆಮೇಲೆ 50,000.

ತಿನ್ನುವವರ ಪಾಲು

ಹೋಟೆಲ್ ಮುಚ್ಚಿದ ಮೇಲೆ ಸ್ಟೇಟಸ್ ಹಾಕಿ ಅಳುವವರು ಕಳೆದ ಆರು ತಿಂಗಳಲ್ಲಿ ಅಲ್ಲಿಗೆ ಎಷ್ಟು ಸಲ ಹೋಗಿದ್ದರು ಅಂತ ಕೇಳಿ ನೋಡಿ! ಆಫೀಸಿನ ಮೀಟಿಂಗ್‌ಗೆ, ಮನೆಯ ನಾಮಕರಣಕ್ಕೆ, ಕಾಲೇಜಿನ ಕಾರ್ಯಕ್ರಮಕ್ಕೆ ತಿಂಡಿ ಬೇಕಾದಾಗ ಊರಿನ ಹೋಟೆಲ್‌ಗೇ ಆರ್ಡರ್ ಕೊಡಿ, ಎರಡು ದಿನ ಮೊದಲೇ ಹೇಳಿ. ಉದ್ರಿ ಬರೆಸಿದ್ದರೆ ತಿಂಗಳ ಕೊನೆಗೆ ತೀರಿಸಿ. ಜನ ಕಾಯುತ್ತಿರುವಾಗ ತಿಂದ ತಟ್ಟೆ ಮುಂದೆ ಕೂತು ಮೊಬೈಲ್ ನೋಡಬೇಡಿ, ಸಣ್ಣ ಹೋಟೆಲ್ ಉಳಿಯುವುದು ಟೇಬಲ್ ಎಷ್ಟು ಬೇಗ ಖಾಲಿ ಆಗುತ್ತದೆ ಅನ್ನುವುದರ ಮೇಲೆ.

ಮಕ್ಕಳಿಗೆ ಹೋಟೆಲ್ ಬೇಡವಾದರೆ

ಇದು ಈಗ ಎಲ್ಲ ಕಡೆ ಇರುವ ವಿಷಯ. ಮಗ ಇಂಜಿನಿಯರ್, ಮಗಳು ಡಾಕ್ಟರ್, ಬೆಳಗಿನ ಜಾವ ಎದ್ದು ಒಲೆ ಹಚ್ಚಿದ ಅಪ್ಪನೇ ಅವರನ್ನು ಓದಿಸಿದ್ದು, ಇದರಲ್ಲಿ ತಪ್ಪೇನೂ ಇಲ್ಲ. ಹಾಗಂತ ಬಾಗಿಲು ಹಾಕಲೇಬೇಕು ಅಂತಿಲ್ಲ. ಇಪ್ಪತ್ತು ವರ್ಷದಿಂದ ಹಂಚಿನ ಮುಂದೆ ನಿಂತಿರುವ ಮಾಸ್ಟರ್‌ಗೆ ಕೇಳಿ. ಒಮ್ಮೆಲೇ ಕೊಳ್ಳಲು ಅವರ ಹತ್ತಿರ ದುಡ್ಡು ಇರುವುದಿಲ್ಲ, ತಿಂಗಳಿಗೆ ಇಷ್ಟು ಅಂತ ಕಂತಿನಲ್ಲಿ ಕೊಡಿ, ಹೆಸರು ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಕೊಡಿ. ಬಾಡಿಗೆ ಕರಾರಿನಲ್ಲಿ ಅವರ ಹೆಸರು ಸೇರಿಸಲು ಕಟ್ಟಡದ ಮಾಲೀಕರನ್ನು ಒಪ್ಪಿಸಿ. ಆಹಾರ ಪರವಾನಗಿ, ಜಿಎಸ್‌ಟಿ ನಂಬರ್ ನಿಮ್ಮ ಹೆಸರಿನಲ್ಲೇ ಮುಂದುವರಿಸಲು ಹೋಗಬೇಡಿ, ಅವರ ಹೆಸರಿನಲ್ಲಿ ಹೊಸದು ಮಾಡಿಸಿ. ಮೊದಲ ಕೆಲವು ತಿಂಗಳು ನೀವು ಗಲ್ಲಾದಲ್ಲಿ ಕೂತಿರಿ. ಬೆಣ್ಣೆ ತರುವವರು, ತರಕಾರಿಯವರು, ಹಳೇ ಗಿರಾಕಿಗಳು ಎಲ್ಲರಿಗೂ ಹೊಸ ಮಾಲೀಕರು ಇವರು ಅಂತ ನೀವೇ ಹೇಳಬೇಕು, ಇಲ್ಲದಿದ್ದರೆ ಉದ್ರಿಗೆ ಮಾಲು ಕೊಡುವವರು ಮರುದಿನದಿಂದಲೇ ಕ್ಯಾಶ್ ಕೇಳಲು ಶುರು ಮಾಡುತ್ತಾರೆ.