ಮಾಗಿ ಕಾಲದ ಹವಾಮಾನ ಮುನ್ಸೂಚನೆ: ಕಡಲಿನಿಂದ ಕಣದವರೆಗೆ ಓದುವುದು ಹೇಗೆ?

ಕಾರ್ತಿಕ ಕಳೆಯುವ ಹೊತ್ತಿಗೆ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ರಾಗಿ ಕುಯ್ಲು ಶುರುವಾಗಿರುತ್ತದೆ. ಕುಯ್ದ ರಾಗಿಯನ್ನು ಅರಿಯಾಗಿ ಹೊಲದಲ್ಲೇ ಬಿಟ್ಟು, ನಾಲ್ಕಾರು ದಿನ ಬಿಸಿಲು ಕಂಡ ಮೇಲೆ ಕಂತೆ ಕಟ್ಟಿ ಮೆದೆ ಒಟ್ಟುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ‘ಒಂದೆರಡು ಕಡೆ ಹಗುರ ಮಳೆ’ ಎಂಬ ಸಾಲನ್ನು ಓದಿ, ಆ ಒಂದೆರಡು ಕಡೆಗಳಲ್ಲಿ ನಮ್ಮ ಹೊಲ ಇರಲಿಕ್ಕಿಲ್ಲ ಎಂದುಕೊಂಡು ಅರಿಯನ್ನು ಹಾಗೆಯೇ ಬಿಟ್ಟೆವು. ಮೂರು ದಿನ ಜಿಟಿಜಿಟಿ ಮಳೆ ಹಿಡಿದು ತೆನೆಯಲ್ಲೇ ಮೊಳಕೆ ಬಂತು, ಹುಲ್ಲು ಕಪ್ಪಾಗಿ ದನಗಳೂ ಮೂಸದಂತಾಯಿತು. ಮುನ್ಸೂಚನೆಯಲ್ಲಿ ತಪ್ಪಿರಲಿಲ್ಲ. ಮೀನುಗಾರರಿಗೆಂದು ಎರಡು ದಿನ ಮುಂಚೆಯೇ ಕೊಟ್ಟಿದ್ದ ಎಚ್ಚರಿಕೆಯನ್ನು ‘ನಮಗೇಕೆ ಕಡಲಿನ ಸುದ್ದಿ’ ಎಂದು ನಾವೇ ಓದದೆ ಬಿಟ್ಟಿದ್ದೆವು.

ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರವು ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ವಿಂಗಡಿಸಿ ಪ್ರತಿದಿನ ಮುನ್ಸೂಚನೆ ನೀಡುತ್ತದೆ. ಅದರಲ್ಲಿ ನೆಲದ ಮೇಲಿನ ಮಳೆ, ಚಳಿ, ಮಂಜಿನ ಸಂಗತಿಗಳು ಮೊದಲು ಬಂದು, ಕಡಲಿನದು ಕೊನೆಗೆ ಬರುವುದುಂಟು. ನಮ್ಮ ಕಡೆಯವರು ಇದನ್ನು ಹಿಂದುಮುಂದಾಗಿ, ಅಂದರೆ ಕಡಲಿನಿಂದ ಆರಂಭಿಸಿ ಓದುವುದು ಒಳ್ಳೆಯದೆಂಬುದು ನನ್ನ ಅನುಭವ.

ಓದುವುದಕ್ಕೆ ಮೊದಲು ತಾರೀಖು, ಗಂಟೆಗಳನ್ನು ನೋಡಬೇಕು. ಇಲಾಖೆಯ ಮಳೆಯ ದಿನವು ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ ನಡೆಯುತ್ತದೆ. ಆದ್ದರಿಂದ ಸೋಮವಾರದ ಮುನ್ಸೂಚನೆಯಲ್ಲಿ ‘ಮೊದಲ ದಿನ’ ಎಂದಿದ್ದರೆ ಮಂಗಳವಾರ ನಸುಕಿನಲ್ಲಿ ಸುರಿಯುವ ಮಳೆಯೂ ಅದರಲ್ಲಿ ಸೇರಿದೆ. ಮೊಬೈಲಿನಲ್ಲಿ ಯಾರೋ ಕಳುಹಿಸಿದ ತಾರೀಖಿಲ್ಲದ ಚಿತ್ರವನ್ನು ಮುನ್ಸೂಚನೆ ಎಂದು ಪರಿಗಣಿಸಬೇಕಾಗಿಲ್ಲ. ಇನ್ನೊಂದು ಮಾತು: ಇಲಾಖೆಯ ಲೆಕ್ಕದಲ್ಲಿ ಚಳಿಗಾಲವೆಂದರೆ ಜನವರಿ ಮತ್ತು ಫೆಬ್ರುವರಿ ಮಾತ್ರ. ನಾವು ಚಳಿ ಶುರುವಾಯಿತೆಂದು ಕಂಬಳಿ ತೆಗೆಯುವ ನವೆಂಬರ್, ಡಿಸೆಂಬರ್ ತಿಂಗಳುಗಳು ಅಲ್ಲಿ ಹಿಂಗಾರಿನ ಅವಧಿಗೆ ಸೇರುತ್ತವೆ. ಹಾಗಾಗಿ ಆ ಎರಡು ತಿಂಗಳಲ್ಲಿ ಥರ್ಮಾಮೀಟರಿಗಿಂತ ಬಂಗಾಳ ಕೊಲ್ಲಿಯ ಮೇಲೆ ಹೆಚ್ಚು ಕಣ್ಣಿಡಬೇಕು.

ಈಗ ಕಡಲಿಗೆ ಬರೋಣ. ಕೋಲಾರದಿಂದ ಮಂಗಳೂರಿನ ಕಡಲು ನೇರ ಅಳತೆಯಲ್ಲಿ ಸುಮಾರು 350 ಕಿ.ಮೀ. ದೂರದಲ್ಲಿದ್ದರೆ, ಚೆನ್ನೈನ ಕಡಲು 230–240 ಕಿ.ಮೀ. ಅಷ್ಟೇ. ನಡುವೆ ಪಶ್ಚಿಮ ಘಟ್ಟದಂಥ ಗೋಡೆಯೂ ಇಲ್ಲ. ಆದ್ದರಿಂದ ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಕಡೆ ಜನ ‘ಸೈಕ್ಲೋನ್ ಹಿಡಿದಿದೆ’ ಎನ್ನುವುದು ಬರೀ ರೂಢಿಯ ಮಾತಲ್ಲ, ಭೂಗೋಳವೇ ಹಾಗಿದೆ. ಮುನ್ಸೂಚನೆಯ ಆರಂಭದಲ್ಲಿ ಬರುವ ವಾತಾವರಣದ ಸ್ಥಿತಿಗತಿಯ ವಿವರಣೆಯಲ್ಲಿ ನೈಋತ್ಯ ಬಂಗಾಳ ಕೊಲ್ಲಿಯ ಹೆಸರು ಇದೆಯೇ ಎಂದು ಹುಡುಕಬೇಕು. ಪತ್ರಿಕೆಗಳು ಎಲ್ಲವನ್ನೂ ಒಟ್ಟಾಗಿ ‘ವಾಯುಭಾರ ಕುಸಿತ’ ಎಂದು ಬರೆದುಬಿಡುತ್ತವೆ, ಆದರೆ ಇಲಾಖೆಗೆ ಇದರಲ್ಲಿ ಮೆಟ್ಟಿಲುಗಳಿವೆ. ಮೊದಲು ಕಡಿಮೆ ಒತ್ತಡದ ಪ್ರದೇಶ. ಸುತ್ತುವ ಗಾಳಿಯ ವೇಗ ಗಂಟೆಗೆ 31ರಿಂದ 50 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ. 51ರಿಂದ 62 ಆದರೆ ತೀವ್ರ ವಾಯುಭಾರ ಕುಸಿತ. 63ನ್ನು ಮುಟ್ಟಿದ ಮೇಲಷ್ಟೇ ಅದು ಚಂಡಮಾರುತವೆನಿಸಿಕೊಂಡು ಹೆಸರು ಪಡೆಯುತ್ತದೆ. ಕಡಲಿನ ವರದಿಯಲ್ಲಿ ವೇಗವನ್ನು ನಾಟ್‌ಗಳಲ್ಲಿ ಕೊಟ್ಟಿದ್ದರೆ ಅದನ್ನು 1.85ರಿಂದ ಗುಣಿಸಿದರೆ ಕಿ.ಮೀ. ಲೆಕ್ಕ ಸಿಗುತ್ತದೆ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಈ ಮೆಟ್ಟಿಲುಗಳು ಗಾಳಿಯನ್ನು ಅಳೆಯುತ್ತವೆಯೇ ಹೊರತು ಮಳೆಯನ್ನಲ್ಲ. 2021ರ ನವೆಂಬರ್ 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ಸೇರಿದ್ದು ಬರಿಯ ವಾಯುಭಾರ ಕುಸಿತ, ಅದಕ್ಕೆ ಹೆಸರೂ ಇರಲಿಲ್ಲ. ಆದರೂ ಆ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳು ಕೋಡಿ ಹರಿದದ್ದನ್ನೂ, ರಾಗಿ ಹೊಲದಲ್ಲೇ ಮಲಗಿದ್ದನ್ನೂ ಯಾರೂ ಮರೆತಿಲ್ಲ. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಸೇರಿದ ಮ್ಯಾಂಡಸ್ ಹೆಸರು ಪಡೆದ ಚಂಡಮಾರುತವಾಗಿದ್ದರೂ ನಮ್ಮ ಕಡೆಯವರಿಗೆ ಹೆಚ್ಚಾಗಿ ನೆನಪಿರುವುದು ಆಗಿನ ಮೋಡ, ತುಂತುರು ಮತ್ತು ಹಗಲಿಡೀ ಇಳಿಯದ ಥಂಡಿ. ಹೀಗಾಗಿ ಹೆಸರಿಗಿಂತ, ಅದು ದಡ ಸೇರುವ ಜಾಗ ಮತ್ತು ಚಲಿಸುವ ವೇಗಗಳನ್ನು ಗಮನಿಸುವುದು ಮುಖ್ಯ. ಪುದುಚೇರಿಯಿಂದ ನೆಲ್ಲೂರಿನವರೆಗಿನ ದಡದತ್ತ ಬರುತ್ತಿದೆ ಎಂದರೆ ನಾವು ಅದರ ದಾರಿಯಲ್ಲೋ ಅಂಚಿನಲ್ಲೋ ಇದ್ದೇವೆ. ನಿಧಾನವಾಗಿ ಸಾಗುತ್ತಿದೆ ಎಂದರೆ ಮಳೆ ಹೆಚ್ಚು ದಿನ ನಿಲ್ಲುತ್ತದೆ. ತಮಿಳುನಾಡಿನ ಮೀನುಗಾರರಿಗೆ ಕಡಲಿಗಿಳಿಯದಂತೆ ಹೇಳಿದ ದಿನವೇ ಅರಿಯನ್ನು ಕಟ್ಟಿ, ಮೆದೆಗೆ ಟಾರ್ಪಾಲು ಹೊದಿಸುವ ಕೆಲಸ ಆರಂಭಿಸಬಹುದು. ಅದೇ ವ್ಯವಸ್ಥೆ ಒಳನಾಡನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು, ಮಲ್ಪೆ, ಕಾರವಾರದ ಮೀನುಗಾರರಿಗೆ ಎಚ್ಚರಿಕೆ ಹೊರಟರೆ, ಅದು ಬಹುಪಾಲು ನಮ್ಮನ್ನು ದಾಟಿಹೋಗಿದೆ ಎಂದು ತಿಳಿಯಬಹುದು. ಅಲೆಗಳ ಎತ್ತರದ ಅಂಕಿಗಳು ಕರಾವಳಿಯವರಿಗೆ ಬೇಕಾದವು, ಅವನ್ನು ನಾವು ಬಿಡಬಹುದು.

ಕಡಲಿನ ಸಂಗತಿ ತಿಳಿದ ಮೇಲೆ ನೆಲದ ಸಾಲುಗಳಿಗೆ ಅರ್ಥ ಬರುತ್ತದೆ. ದಕ್ಷಿಣ ಒಳನಾಡು ಎಂಬ ವಿಭಾಗದಲ್ಲಿ ಕೊಡಗೂ ಇದೆ, ಕೋಲಾರವೂ ಇದೆ. ಇಷ್ಟು ಅಗಲದ ಪ್ರದೇಶಕ್ಕೆ ಬರೆದ ಒಂದು ವಾಕ್ಯವನ್ನು ನೆಚ್ಚದೆ, ಜಿಲ್ಲೆಯ ಹೆಸರಿರುವ ಸಾಲನ್ನೇ ಹುಡುಕಬೇಕು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ, ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು ಕೇಂದ್ರಗಳಲ್ಲಿ ಮಳೆಯಾಗಬಹುದು ಎಂದರ್ಥ. ಈ ಪದಗಳು ಮಳೆಯ ಹರಹನ್ನು ಹೇಳುತ್ತವೆ. ಪ್ರಮಾಣಕ್ಕೆ ಬೇರೆ ಪದಗಳಿವೆ. ದಿನಕ್ಕೆ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ, 64.4ರವರೆಗೆ ಸಾಧಾರಣ, 64.5ರಿಂದ 115.5ರವರೆಗೆ ಭಾರಿ ಮಳೆ. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಈ ಲೆಕ್ಕದಲ್ಲಿ 15 ಮಿ.ಮೀ.ನ ‘ಹಗುರ’ ಮಳೆಯೂ ಒಂದು ಎಕರೆ ರಾಗಿ ಅರಿಯ ಮೇಲೆ 60,000 ಲೀಟರ್ ಸುರಿದಂತೆ. ಹಗುರ ಎಂಬ ಪದವನ್ನು ಆಯ್ದವರು ರಾಗಿ ಬೆಳೆದವರಿರಲಿಕ್ಕಿಲ್ಲ.

ಬಣ್ಣಗಳ ವಿಷಯ ಚಿಕ್ಕದು. ಹಸಿರಿಗೆ ಎಚ್ಚರಿಕೆಯಿಲ್ಲ, ಹಳದಿಗೆ ಗಮನವಿಡಬೇಕು, ಕಿತ್ತಳೆಗೆ ಸಿದ್ಧರಾಗಬೇಕು, ಕೆಂಪಿಗೆ ಕ್ರಮ ಕೈಗೊಳ್ಳಬೇಕು. ಹಳದಿ ಎಂದರೆ ಇಷ್ಟೇ ಮಿ.ಮೀ. ಎಂದು ಲೆಕ್ಕ ಕಟ್ಟಬಾರದು.

ಇನ್ನು ಗಾಳಿಯ, ಅಂದರೆ ವಿಮಾನಗಳ ಹವಾಮಾನ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದದ್ದರಿಂದ ಚಿಕ್ಕಬಳ್ಳಾಪುರದವರಿಗೆ ಒಂದು ಅನುಕೂಲವಾಗಿದೆ: ಮನೆಯ ಹತ್ತಿರವೇ, ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರದಲ್ಲಿ, ಪ್ರತಿ ಅರ್ಧ ಗಂಟೆಗೊಮ್ಮೆ ಹವಾಮಾನವನ್ನು ಬರೆದಿಡುವ ಜಾಗವೊಂದಿದೆ. ಮೆಟಾರ್ ಎಂದು ಕರೆಯುವ ಈ ವರದಿ ಅಂಕಿಗಳ ಸಾಲು. ‘230030’ ಎಂದಿದ್ದರೆ ಮೊದಲೆರಡು ಅಂಕಿ ತಾರೀಖು, ಉಳಿದದ್ದು ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ 23ನೆಯ ತಾರೀಖಿನ ಬೆಳಗ್ಗೆ 6 ಗಂಟೆಯಾಗುತ್ತದೆ. ‘0300’ ಎಂಬ ನಾಲ್ಕಂಕಿ ಕಂಡರೆ ಮಂಜಿನಲ್ಲಿ 300 ಮೀಟರಿನಾಚೆ ಏನೂ ಕಾಣುತ್ತಿಲ್ಲ ಎಂದರ್ಥ. ‘17/16’ ಎಂಬಂಥ ಜೋಡಿ ಎಲ್ಲಕ್ಕಿಂತ ಉಪಯುಕ್ತ: ಮೊದಲನೆಯದು ಉಷ್ಣಾಂಶ, ಎರಡನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿನ ತೇವ ಹನಿಗಟ್ಟಲು ಆರಂಭಿಸುವ ಉಷ್ಣಾಂಶ. ರಾತ್ರಿ ಹತ್ತರ ಹೊತ್ತಿಗೆ ಈ ಎರಡರ ನಡುವೆ ಎರಡೇ ಡಿಗ್ರಿ ಅಂತರವಿದ್ದು, ಆಕಾಶ ತಿಳಿಯಾಗಿ, ಗಾಳಿ ನಿಂತಿದ್ದರೆ, ನಸುಕಿನಲ್ಲಿ ಕಾವಳ ಕವಿಯುವುದು ಬಹುತೇಕ ಖಚಿತ. ಮಳೆ ಬಂದು ಹೋದ ಮರುದಿನ ನೆಲವಿನ್ನೂ ಹಸಿಯಾಗಿರುವಾಗ ಇದು ಇನ್ನೂ ದಟ್ಟ. ದೃಶ್ಯತೆ 200 ಮೀಟರಿಗಿಂತ ಕಡಿಮೆಯಾದರೆ ಇಲಾಖೆ ಅದನ್ನು ದಟ್ಟ ಮಂಜು ಎನ್ನುತ್ತದೆ, 50ಕ್ಕಿಂತ ಕಡಿಮೆಯಾದರೆ ಅತಿ ದಟ್ಟ.

ಇದು ವಿಮಾನ ಹತ್ತುವವರಿಗಷ್ಟೇ ಬೇಕಾದದ್ದಲ್ಲ. ನಸುಕಿನಲ್ಲಿ ಟೊಮೆಟೊ ಕ್ರೇಟುಗಳನ್ನು ಗಾಡಿಗೆ ಹಾಕಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಡುವವರು, ಬಾಗೇಪಲ್ಲಿಯ ಕಡೆಯಿಂದ ಹೆದ್ದಾರಿಯಲ್ಲಿ ಬರುವವರು ಅರ್ಧ ಗಂಟೆ ತಡವಾಗಿ ಹೊರಡಬೇಕೇ ಎಂಬುದನ್ನು ಹಿಂದಿನ ರಾತ್ರಿಯೇ ಇದರಿಂದ ನಿರ್ಧರಿಸಬಹುದು. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಟೊಮೆಟೊಗೆ ಅಂಗಮಾರಿ, ದ್ರಾಕ್ಷಿಗೆ ಬೂಜು ರೋಗ ತಗಲುತ್ತದೆಯಾದ್ದರಿಂದ ತೋಟದವರಿಗೂ ಆ ಜೋಡಿ ಅಂಕಿ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಚಳಿ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಿದ್ದರೆ ಅದು ಶೀತಗಾಳಿ. ಬೆಂಗಳೂರಿನ ದಾಖಲೆಯೇ 1884ರ ಜನವರಿ 13ರ 7.8 ಡಿಗ್ರಿ. ವರದಿಯ ಅಂಕಿ ಹವಾಮಾನ ಕೇಂದ್ರದ ನೆರಳಿನ ಪೆಟ್ಟಿಗೆಯದು ಎಂಬುದನ್ನೂ ನೆನಪಿಡಬೇಕು. ಎತ್ತರ ಹೆಚ್ಚಿದಂತೆ ಚಳಿ ಹೆಚ್ಚುವುದು ಸಾಮಾನ್ಯ ನಿಯಮವಾದರೂ, ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಬೆಟ್ಟದಿಂದ ತಗ್ಗಿಗೆ ಇಳಿದು ನಿಲ್ಲುತ್ತದೆ. ನಂದಿಬೆಟ್ಟದ ಬುಡದ ತಗ್ಗಿನ ತೋಟವೊಂದರಲ್ಲಿ ಊರಿನೊಳಗಿಗಿಂತ ಎರಡು ಡಿಗ್ರಿ ಕಡಿಮೆಯಿದ್ದರೆ ಆಶ್ಚರ್ಯವಿಲ್ಲ. ರೇಷ್ಮೆ ಹುಳು ಸಾಕುವ ಶಿಡ್ಲಘಟ್ಟದವರು ಮನೆಯೊಳಗೇ ಥರ್ಮಾಮೀಟರ್ ತೂಗುಹಾಕಿಕೊಳ್ಳುವುದು ಇದಕ್ಕಾಗಿಯೇ.

ಬೆಳೆಗೆ ಸಂಬಂಧಿಸಿದ ಸಲಹೆ ಬೇಕಾದವರು ಮಂಗಳವಾರ ಮತ್ತು ಶುಕ್ರವಾರ ಹೊರಡುವ ಜಿಲ್ಲಾ ಕೃಷಿ ಹವಾಮಾನ ವರದಿಯನ್ನು ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಜೊತೆಗೆ ಅಂಗಳದಲ್ಲೊಂದು ಮಳೆಮಾಪಕವಿದ್ದರೆ ಚೆನ್ನು. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಯಾವುದೇ ಡಬ್ಬಿ ಸಾಕು. ಮರದ ಕೆಳಗಾಗಲಿ, ಸೂರಿನಂಚಿಗಾಗಲಿ ಇಡದೆ ಬಯಲಿನಲ್ಲಿಟ್ಟು, ಬೆಳಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲೇ ಮಿ.ಮೀ. ಬರೆದು, ಪಕ್ಕದಲ್ಲಿ ಹಿಂದಿನ ದಿನದ ಮುನ್ಸೂಚನೆಯ ಪದವನ್ನೂ ಬರೆದಿಡಬೇಕು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಿಂದಿನ ವರ್ಷದ ನವೆಂಬರ್ ಪುಟವನ್ನು ಹಾಲಿನ ಲೆಕ್ಕದ ಜೊತೆಗೇ ಕತ್ತರಿಸಿ ಇಟ್ಟುಕೊಂಡಿದ್ದೇವೆ.