ಪ್ಯಾಕೆಟ್ ತಿರುಗಿಸಿ ನೋಡಿ: ಕೆನಡಾದ ಸಾಮಾನು, ಕೆನಡಾದೊಳಗಿನ ಪ್ರವಾಸ

ನಮ್ಮ ಒಗ್ಗರಣೆ ಡಬ್ಬಿಯ ಸಾಸಿವೆ ಎಲ್ಲಿ ಬೆಳೆದಿದ್ದು ಅಂತ ಬಹಳ ದಿನ ನನಗೆ ಗೊತ್ತಿರಲಿಲ್ಲ. ಇಲ್ಲಿ ಕೆನಡಾದ ಇಂಡಿಯನ್ ಅಂಗಡಿಯಿಂದ ತಂದಿದ್ದು, ಹಾಗಾಗಿ ನಮ್ಮ ಕಡೆಯದೇ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಪ್ಯಾಕೆಟ್ ತಿರುಗಿಸಿ ನೋಡಿದರೆ ‘ಪ್ರಾಡಕ್ಟ್ ಆಫ್ ಕೆನಡಾ’ ಅಂತ ಇತ್ತು. ಆಮೇಲೆ ತಿಳಿಯಿತು, ಜಗತ್ತಿಗೆ ಸಾಸಿವೆ ಕಳಿಸುವ ದೊಡ್ಡ ದೇಶಗಳಲ್ಲಿ ಕೆನಡಾ ಒಂದು. ಅದರಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಸಸ್ಕಾಚೆವನ್ ಪ್ರಾಂತ್ಯದಲ್ಲಿ.

2025ರ ಫೆಬ್ರವರಿ 1ರಂದು ಅಮೆರಿಕ ಕೆನಡಾದ ಸರಕಿನ ಮೇಲೆ ಸುಂಕ ಹಾಕುವುದಾಗಿ ಆದೇಶ ಹೊರಡಿಸಿತು. ಆಗ ಪ್ರಧಾನಿಯಾಗಿದ್ದ ಜಸ್ಟಿನ್ ಟ್ರುಡೊ ಅದೇ ರಾತ್ರಿ ಜನರನ್ನು ಕೇಳಿಕೊಂಡರು: ಅಂಗಡಿಯಲ್ಲಿ ಲೇಬಲ್ ಓದಿ, ಇಲ್ಲಿಯದನ್ನು ಆರಿಸಿ, ಈ ಸಲ ರಜೆಯನ್ನು ಕೆನಡಾದಲ್ಲೇ ಕಳೆಯಿರಿ. ಅಂದಿನಿಂದ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಕೆನಡಾದ ಗುರುತಾದ ಮೇಪಲ್ ಎಲೆಯ ಚಿತ್ರ. ನಾವು ದುಡಿದು ತಿನ್ನುವುದು ಈ ದೇಶದಲ್ಲಿ. ನಾವು ಖರ್ಚು ಮಾಡುವ ದುಡ್ಡು ಇಲ್ಲಿಯ ರೈತರಿಗೆ, ಇಲ್ಲಿ ಕೆಲಸ ಮಾಡುವವರಿಗೆ ಸೇರಿದರೆ ನನಗಂತೂ ಸಂತೋಷ. ಆದರೆ ಎಲೆ ಕಂಡ ತಕ್ಷಣ ಬುಟ್ಟಿಗೆ ಹಾಕಿಕೊಳ್ಳಬೇಡಿ. ಎಲೆಯ ಚಿತ್ರವೇ ಪುರಾವೆ ಅಲ್ಲ. ನಾನೇ ಒಮ್ಮೆ ದೊಡ್ಡ ಕೆಂಪು ಎಲೆ ನೋಡಿ ಒಂದು ಬಾಟಲಿ ಉಪ್ಪಿನಕಾಯಿ ತಂದೆ. ಮನೆಗೆ ಬಂದು ಓದಿದರೆ ಹಿಂಭಾಗದಲ್ಲಿ ಬೇರೆ ದೇಶದ ಹೆಸರಿತ್ತು.

ನೋಡಬೇಕಾದ್ದು ಮಾತುಗಳನ್ನು. ಆಹಾರದ ಮೇಲೆ ‘ಪ್ರಾಡಕ್ಟ್ ಆಫ್ ಕೆನಡಾ’ ಅಂತ ಇದ್ದರೆ ಅದರ ಪದಾರ್ಥ, ತಯಾರಿಕೆ, ಕೆಲಸ ಎಲ್ಲವೂ ಹೆಚ್ಚುಕಡಿಮೆ ಪೂರ್ತಿ ಇಲ್ಲಿಯದೇ. ಚಿಟಿಕೆ ಮಸಾಲೆಯಂಥದ್ದು ಮಾತ್ರ ಹೊರಗಿನದಿರಬಹುದು. ‘ಮೇಡ್ ಇನ್ ಕೆನಡಾ’ ಅಂದರೆ ಆ ತಿನಿಸು ಈಗಿನ ರೂಪಕ್ಕೆ ಬಂದಿದ್ದು ಇಲ್ಲಿ, ಆದರೆ ಪದಾರ್ಥ ಹೊರಗಿನಿಂದ ಬಂದಿರಬಹುದು. ಹಾಗಿದ್ದರೆ ಆಮದು ಪದಾರ್ಥ ಇದೆ ಅಂತ ಪಕ್ಕದಲ್ಲೇ ಬರೆದಿರಬೇಕು. ಬಟ್ಟೆ, ಪಾತ್ರೆ, ಪೀಠೋಪಕರಣದಂಥ ವಸ್ತುಗಳಿಗೆ ಲೆಕ್ಕ ಬೇರೆ: ಈ ಎರಡೂ ಮಾತಿಗೆ ಕೊನೆಯ ಮುಖ್ಯ ತಯಾರಿಕೆ ಇಲ್ಲೇ ಆಗಿರಬೇಕು. ಅದರ ಜೊತೆಗೆ, ತಯಾರಿಸಲು ತಗಲುವ ನೇರ ಖರ್ಚಿನಲ್ಲಿ ಕನಿಷ್ಠ 98 ಶೇಕಡಾ ಇಲ್ಲಿ ಆಗಿದ್ದರೆ ‘ಪ್ರಾಡಕ್ಟ್ ಆಫ್’, ಕನಿಷ್ಠ 51 ಶೇಕಡಾ ಆಗಿದ್ದರೆ ‘ಮೇಡ್ ಇನ್’.

ಇನ್ನು ಹಲವರು ಎಡವುವ ಮಾತುಗಳಿವೆ. ‘ಪ್ರಿಪೇರ್ಡ್ ಫಾರ್’ ಅಂತ ಬರೆದು ಕೆಳಗೆ ಟೊರಾಂಟೊ ವಿಳಾಸ ಕೊಟ್ಟಿರುತ್ತಾರೆ. ಅದು ಕಂಪನಿಯ ವಿಳಾಸ ಅಷ್ಟೆ, ಬೆಳೆದ ಜಾಗ ಅಲ್ಲ. ಬಾರ್‌ಕೋಡ್ ನೋಡಿ ದೇಶ ಹೇಳಬಹುದು ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ. ಬಟ್ಟೆಯ ಚೀಟಿಯ ಮೇಲೆ ‘ಸಿಎ’ ಅಂತ ಬರೆದು ಐದು ಅಂಕಿ ಇರುತ್ತದೆ. ಅದೂ ಮಾರುವವರ ಗುರುತಿನ ಸಂಖ್ಯೆ ಮಾತ್ರ. ಕೆನಡಾದ ಹೆಸರಾಂತ ಬ್ರಾಂಡ್ ಆದರೂ ಅದರ ಜಾಕೆಟ್ ಬೇರೆ ದೇಶದಲ್ಲಿ ಹೊಲಿದಿದ್ದಿರಬಹುದು. ಚಳಿಗಾಲದ ಬೂಟು, ಜಾಕೆಟ್ ಕೊಳ್ಳುವಾಗ ಒಳಗಿನ ಚೀಟಿ ಓದಿ. ಹಾಲು, ಮೊಸರಿನ ಮೇಲೆ ನೀಲಿ ಹಸುವಿನ ಗುರುತಿದ್ದರೆ ಅದು 100 ಶೇಕಡಾ ಕೆನಡಾದ ಹಾಲಿನದು. ಲೇಬಲ್‌ನಲ್ಲಿ ಸುಳ್ಳು ಬರೆದಿದ್ದಾರೆ ಅನ್ನಿಸಿದರೆ, ಆಹಾರವಾದರೆ ಕೆನಡಿಯನ್ ಫುಡ್ ಇನ್‌ಸ್ಪೆಕ್ಷನ್ ಏಜೆನ್ಸಿಗೆ, ಬೇರೆ ವಸ್ತುವಾದರೆ ಕಾಂಪಿಟಿಷನ್ ಬ್ಯೂರೋಗೆ ದೂರು ಕೊಡಬಹುದು.

ಈಗ ನಮ್ಮ ಅಡುಗೆಮನೆಗೆ ಬರೋಣ. ಇಲ್ಲಿಯದನ್ನು ಕೊಳ್ಳಬೇಕು ಅಂದರೆ ಊಟವನ್ನೇ ಬದಲಾಯಿಸಬೇಕು ಅಂತ ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಕೆಂಪಗಿನ ಮಸೂರ್ ಬೇಳೆ, ಅಂದರೆ ನಮ್ಮ ಚನ್ನಂಗಿ ಬೇಳೆ, ಸಸ್ಕಾಚೆವನ್‌ನಲ್ಲಿ ರಾಶಿ ರಾಶಿ ಬೆಳೆಯುತ್ತದೆ. ಅಲ್ಲಿಂದ ಭಾರತಕ್ಕೂ ಹಡಗಿನಲ್ಲಿ ಹೋಗುತ್ತದೆ. ಕಾಬೂಲ್ ಕಡಲೆ, ಒಣ ಬಟಾಣಿ, ಧನಿಯಾ ಕೂಡ ಅಲ್ಲಿ ಬೆಳೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಒಂದು ಸಿಹಿ ಸುದ್ದಿ: ಅಗಸೆ ಬೀಜವೂ ಇಲ್ಲಿಯ ಬೆಳೆ. ಅಗಸಿ ಚಟ್ನಿಪುಡಿ ಮಾಡಲು ಊರಿನಿಂದ ಹೊತ್ತು ತರಬೇಕಿಲ್ಲ. ಯಾವ ದೊಡ್ಡ ಅಂಗಡಿಗೆ ಹೋದರೂ ಫ್ಲಾಕ್ಸ್ ಸೀಡ್ ಅಂತ ಸಿಗುತ್ತದೆ.

ಗೋಧಿಯ ವಿಷಯ ಹೇಳಲೇಬೇಕು. ನಮ್ಮತ್ತೆ ಇಲ್ಲಿಗೆ ಬಂದಿದ್ದಾಗ ನಾನು ಇಟಾಲಿಯನ್ ಸಾಲಿನಿಂದ ಡ್ಯೂರಮ್ ಸೆಮೊಲಿನಾ ತಂದು ಉಪ್ಪಿಟ್ಟು ಮಾಡಿದ್ದೆ. ತಟ್ಟೆ ನೋಡಿ ಅವರು, “ಇದು ನಮ್ಮ ಬನ್ಸಿ ರವೆ ಅಲ್ವೇನಮ್ಮಾ?” ಅಂದರು. ಹೌದು, ಎರಡೂ ಒಂದೇ ಬಗೆಯ ಗೋಧಿ. ಡ್ಯೂರಮ್ ರಫ್ತು ಮಾಡುವುದರಲ್ಲಿ ಕೆನಡಾ ಜಗತ್ತಿನಲ್ಲೇ ಮುಂದಿದೆ. ಆದರೆ ಸೆಮೊಲಿನಾ ಇಟಲಿಯಿಂದಲೂ ಬರುತ್ತದೆ, ಅದಕ್ಕೇ ಪ್ಯಾಕೆಟ್ ತಿರುಗಿಸಿ ನೋಡಿ. ಚಪಾತಿ ಹಿಟ್ಟಿನ ದೊಡ್ಡ ಚೀಲಗಳಲ್ಲೂ ಇಲ್ಲಿಯ ಗೋಧಿಯನ್ನು ಇಲ್ಲೇ ಬೀಸಿದ್ದು ಸಿಗುತ್ತದೆ.

ತರಕಾರಿಗೆ ಋತು ನೋಡಿಕೊಳ್ಳಿ. ಒಂಟಾರಿಯೊದ ಲೆಮಿಂಗ್ಟನ್ ಸುತ್ತಮುತ್ತ ದೊಡ್ಡ ದೊಡ್ಡ ಗಾಜಿನ ಮನೆಗಳಿವೆ. ಅಲ್ಲಿಯ ಟೊಮೆಟೊ, ಸೌತೆಕಾಯಿ, ದಪ್ಪ ಮೆಣಸಿನಕಾಯಿ ಹೊರಗೆ ಹಿಮ ಇರುವ ದಿನಗಳಲ್ಲೂ ಬರುತ್ತವೆ. ಬೇಸಿಗೆಯಲ್ಲಿ, ಒಂಟಾರಿಯೊದಲ್ಲೇ ಬೆಳೆದಿದ್ದು ಅಂತ ಹೇಳುವ ಫೂಡ್‌ಲ್ಯಾಂಡ್ ಒಂಟಾರಿಯೊ ಗುರುತು ಹುಡುಕಿ.

ತೊಗರಿಬೇಳೆ, ಹುಣಸೆಹಣ್ಣು, ಕಾಫಿ ಇಲ್ಲಿ ಬೆಳೆಯುವುದಿಲ್ಲ. ಹುಳಿ ಬಿಡಿ ಅಂತ ನಾನು ಯಾರಿಗೂ ಹೇಳಲಾರೆ. ಚಿಕ್ಕಮಗಳೂರಿನ ಕಾಫಿಪುಡಿ ಕುಡಿಯುತ್ತಾ ಸಸ್ಕಾಚೆವನ್ ಸಾಸಿವೆಯ ಒಗ್ಗರಣೆ ಹಾಕಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಇನ್ನು ಪ್ರವಾಸ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿಯ ಪಿಆರ್ (ಕಾಯಂ ವಾಸದ ಹಕ್ಕು) ಇದ್ದರೂ ಅಮೆರಿಕಕ್ಕೆ ವೀಸಾ ಬೇಕು. ನಯಾಗರಾದ ಆ ದಡಕ್ಕೆ ಹೋಗಲೂ ಬೇಕು. ಕೆನಡಾದ ಒಳಗೆ ಆ ತಲೆನೋವಿಲ್ಲ. ಆದರೆ ಇಲ್ಲಿ ಬೇರೆ ಒಂದು ಪದ್ಧತಿಯಿದೆ, ಅದು ತಿಳಿಯದೆ ಹೋಗಿ ವಾಪಸ್ ಬಂದವರು ತುಂಬ ಜನ. ಊರಿನಲ್ಲಿ ಬೆಳಗ್ಗೆ ಎದ್ದು ಗಾಡಿ ಹತ್ತಿ ಜೋಗಕ್ಕೆ ಹೊರಟುಬಿಡುತ್ತಿದ್ದೆವು ಅಲ್ವಾ? ಇಲ್ಲಿ ಹೆಸರಾಂತ ಜಾಗಗಳಿಗೆ ಮೊದಲೇ ಬುಕ್ ಮಾಡಬೇಕು.

ಆಲ್ಬರ್ಟಾ ಪ್ರಾಂತ್ಯದ ಬಾನ್ಫ್ ರಾಷ್ಟ್ರೀಯ ಉದ್ಯಾನದ ಮೊರೇನ್ ಲೇಕ್ ನೋಡಬೇಕು ಅನ್ನುವ ಆಸೆ ಎಲ್ಲರಿಗೂ. 2023ರಿಂದ ಆ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ಷಟಲ್ ಬಸ್ ಬುಕ್ ಮಾಡಬೇಕು, ಅಥವಾ ಖಾಸಗಿ ಬಸ್ಸಿನಲ್ಲಿ ಹೋಗಬೇಕು. ಸೀಟು ಮುಗಿದಿದೆ ಅಂತ ಕಂಡರೂ ನಿರಾಶರಾಗಬೇಡಿ. ಒಂದಷ್ಟು ಸೀಟುಗಳನ್ನು ಎರಡು ದಿನ ಮೊದಲು, ಅಲ್ಲಿಯ ಸಮಯ ಬೆಳಗ್ಗೆ 8 ಗಂಟೆಗೆ ಬಿಡುತ್ತಾರೆ. ಟೊರಾಂಟೊದಲ್ಲಿ ಆಗ 10 ಗಂಟೆ. ಒಂಟಾರಿಯೊದ ಬ್ರೂಸ್ ಪೆನಿನ್ಸುಲಾದಲ್ಲಿ ಗ್ರಾಟೊ ಗುಹೆ ನೋಡಲು ಸೀಸನ್‌ನಲ್ಲಿ ಪಾರ್ಕಿಂಗ್ ಮೊದಲೇ ಕಾಯ್ದಿರಿಸಬೇಕು. ಪ್ರಾಂತ್ಯದ ಉದ್ಯಾನಗಳನ್ನು ನಡೆಸುವ ಒಂಟಾರಿಯೊ ಪಾರ್ಕ್ಸ್‌ನಲ್ಲಿ ದಿನದ ಪರ್ಮಿಟ್ ಐದು ದಿನ ಮೊದಲಿನಿಂದ ಸಿಗುತ್ತದೆ. ಟೆಂಟ್ ಹಾಕುವ ಜಾಗವಾದರೆ ಐದು ತಿಂಗಳು ಮೊದಲು, ಬೆಳಗ್ಗೆ 7 ಗಂಟೆಗೆ. ಒಂಟಾರಿಯೊದ ಅಲ್ಗಾನ್‌ಕ್ವಿನ್ ಪಾರ್ಕ್‌ನಲ್ಲಿ ಎಲೆಗಳು ಕೆಂಪಾಗುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ. ಆ ಶನಿವಾರ, ಭಾನುವಾರಗಳಿಗೆ ಕಾಯಬೇಡಿ, ಒಂದು ದಿನ ರಜೆ ಹಾಕಿ ಮಂಗಳವಾರ ಹೋಗಿ.

ದುಡ್ಡು ಉಳಿಸುವ ದಾರಿಗಳೂ ಇವೆ. ರಾಷ್ಟ್ರೀಯ ಉದ್ಯಾನಗಳಿಗೆ 17 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇವುಗಳ ವಾರ್ಷಿಕ ಪಾಸಾದ ಡಿಸ್ಕವರಿ ಪಾಸ್‌ನಲ್ಲಿ ಕುಟುಂಬದ ಪಾಸ್ ತೆಗೆದುಕೊಂಡರೆ ಒಂದೇ ಗಾಡಿಯಲ್ಲಿ ಬರುವ ಏಳು ಜನರಿಗೆ ವರ್ಷವಿಡೀ ಆಗುತ್ತದೆ. ಊರಿನಿಂದ ಅಪ್ಪ ಅಮ್ಮ ಬರುವ ವರ್ಷ ಇದನ್ನೇ ಕೊಳ್ಳಿ. ಆದರೆ ಮೊದಲು ಪಾರ್ಕ್ಸ್ ಕೆನಡಾ ವೆಬ್‌ಸೈಟ್ ನೋಡಿ. 2025ರ ಬೇಸಿಗೆಯಲ್ಲಿ ಜೂನ್ 20ರಿಂದ ಸೆಪ್ಟೆಂಬರ್ 2ರವರೆಗೆ ಕೆನಡಾ ಸ್ಟ್ರಾಂಗ್ ಪಾಸ್ ಅಂತ ಎಲ್ಲರಿಗೂ ಪ್ರವೇಶ ಉಚಿತ ಮಾಡಿದ್ದರು. ವಿಯಾ ರೈಲಿನಲ್ಲಿ ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿಗೂ ಆಗ ಟಿಕೆಟ್ ಇರಲಿಲ್ಲ. ಹೊಸದಾಗಿ ಪಿಆರ್ ಅಥವಾ ಪೌರತ್ವ ಪಡೆದವರು ಕನೂ ಆಪ್ ಹಾಕಿಕೊಳ್ಳಿ, ಎಷ್ಟೋ ಮ್ಯೂಸಿಯಂಗಳಿಗೆ ಪುಕ್ಕಟೆ ಪ್ರವೇಶ ಸಿಗುತ್ತದೆ. ಒಂಟಾರಿಯೊದ ಹಲವು ಊರುಗಳ ಲೈಬ್ರರಿಯಲ್ಲಿ ಪುಸ್ತಕದ ಹಾಗೇ ಪಾರ್ಕ್ ಪಾಸನ್ನೂ ಎರವಲು ಕೊಡುತ್ತಾರೆ. ಕೌಂಟರ್‌ನಲ್ಲಿ ಕೇಳಿ ನೋಡಿ.

ದೂರ ಹೋಗುವ ಮನಸ್ಸಿದ್ದರೆ ಪೂರ್ವದ ಪ್ರಿನ್ಸ್ ಎಡ್ವರ್ಡ್ ಐಲೆಂಡ್‌ಗೆ ಹೋಗಿ. 12.9 ಕಿಲೋಮೀಟರ್ ಉದ್ದದ ಕಾನ್‌ಫೆಡರೇಷನ್ ಸೇತುವೆ ಮೇಲೆ ಸಮುದ್ರ ದಾಟುವಾಗ ಮಕ್ಕಳು ಮಾತು ನಿಲ್ಲಿಸಿ ನೋಡುತ್ತಾರೆ. ಸೇತುವೆಯ ಟೋಲ್ ಕಟ್ಟುವುದು ದ್ವೀಪ ಬಿಟ್ಟು ಬರುವಾಗ ಮಾತ್ರ. 2025ರ ಆಗಸ್ಟ್‌ನಲ್ಲಿ ಅದನ್ನು 50 ಡಾಲರ್‌ಗೂ ಮೇಲಿದ್ದದ್ದರಿಂದ 20ಕ್ಕೆ ಇಳಿಸಿದರು.

ಅಷ್ಟು ದೂರ ಆಗದಿದ್ದರೆ, ಮಾರ್ಚ್‌ನಲ್ಲಿ ಹತ್ತಿರದ ಮೇಪಲ್ ತೋಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇದ್ದಾಗ ಮರದಿಂದ ರಸ ಇಳಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಆಲೆಮನೆ ನೋಡಿದವರಿಗೆ ಆ ಹಬೆ, ಆ ಘಮ ಎಲ್ಲೋ ನೋಡಿದ ಹಾಗೇ ಅನ್ನಿಸುತ್ತದೆ. ಜೂನ್ ಮಧ್ಯದಲ್ಲಿ ಸ್ಟ್ರಾಬೆರಿ ತೋಟಗಳು ತೆರೆಯುತ್ತವೆ, ನಾವೇ ಕಿತ್ತುಕೊಳ್ಳಬಹುದು. ಹೊರಡುವ ಮುಂಚೆ ತೋಟಕ್ಕೆ ಒಂದು ಫೋನ್ ಮಾಡಿ. ಹಣ್ಣು ಖಾಲಿಯಾದ ದಿನ ಮಧ್ಯಾಹ್ನವೇ ಗೇಟು ಹಾಕಿಬಿಡುತ್ತಾರೆ.